ಮ್ಯಾನಿಂಗ್ ಸೂತ್ರದ ‘ಎನ್’ ಒಳಗೊಂದು ಹೂವು

ಹೈಡ್ರಾಲಿಕ್ಸ್ ಪೇಪರ್ ಬರೆದವರಿಗೆಲ್ಲ ಮ್ಯಾನಿಂಗ್ ಸೂತ್ರ ಗೊತ್ತಿರುತ್ತೆ. ಸಿವಿಲ್‌ನವರಲ್ಲದವರಿಗಾಗಿ ಎರಡು ಮಾತು: ಕಾಲುವೆಯಲ್ಲೋ ಹಳ್ಳದಲ್ಲೋ ನೀರು ಎಷ್ಟು ವೇಗವಾಗಿ ಹರಿಯುತ್ತದೆ ಅಂತ ಲೆಕ್ಕ ಹಾಕಲು ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ ಅದು. ಅದರಲ್ಲಿ ‘ಎನ್’ ಅಂತ ಒಂದು ಗುಣಾಂಕ ಬರುತ್ತೆ. ದಂಡೆ, ತಳ ಎಷ್ಟು ಒರಟಾಗಿದೆ ಅನ್ನೋದರ ಅಳತೆ. 1959ರಲ್ಲಿ ಬಂದ ವೆನ್ ತೆ ಚೌ ಅವರ ಪುಸ್ತಕದ ಕೋಷ್ಟಕವನ್ನೇ ಇವತ್ತಿಗೂ ಎಲ್ಲರೂ ನೋಡೋದು: ನಯಗೊಳಿಸಿದ ಕಾಂಕ್ರೀಟಿಗೆ 0.013, ಕಸಕಡ್ಡಿ ಇಲ್ಲದ ನೇರ ಹಳ್ಳಕ್ಕೆ 0.030, ಹುಲ್ಲು ಜೇಕು ಪೊದೆ ಕಿಕ್ಕಿರಿದ ಹಳ್ಳಕ್ಕೆ 0.100ರ ಆಸುಪಾಸು.

ಪರೀಕ್ಷೆಗೆ ಇಷ್ಟು ಸಾಕು. ಎನ್ ಕಡಿಮೆ ಮಾಡಿದರೆ ನೀರು ಬೇಗ ಹೋಗುತ್ತೆ, ಮಾರ್ಕ್ಸ್ ಬರುತ್ತೆ. ನಮ್ಮ ಪ್ರಶ್ನೆ ಬೇರೆ. 0.100 ಇದ್ದದ್ದನ್ನು ಜೆಸಿಬಿ ಬಿಟ್ಟು 0.030ಕ್ಕೆ ಇಳಿಸಿದಾಗ, ನಡುವಿನ ಆ 0.070ರಲ್ಲಿ ಏನೇನು ಇತ್ತು?

ಬಹಳಷ್ಟು ಇತ್ತು. ಜೇಕು, ಕರಕಿ, ಲಕ್ಕಿ ಗಿಡ, ಕೇದಗಿ, ಕಪ್ಪೆ, ಏಡಿ. ಮತ್ತು ಇವುಗಳ ನಡುವೆ ಮಳೆಗಾಲದಲ್ಲಿ ಕೆಲವೇ ವಾರ ತಲೆ ಎತ್ತಿ ಹೂ ಬಿಟ್ಟು ಮಾಯವಾಗುವ ನೆಲದ ಆರ್ಕಿಡ್‌ಗಳು. ಈ ಲೇಖನ ಅವುಗಳ ಪರವಾಗಿ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಹಳ್ಳದ ದಂಡೆಗಳ ಪರವಾಗಿ ಅಂದರೂ ಸರಿಯೇ. ನಮ್ಮಲ್ಲಿ ಸುಮಾರು ಜನ ಆ ಕಡೆಯವರು. ಆಗದವರೂ ಮುಂದೆ ಯಾವುದೋ ಒಂದು ತಾಲ್ಲೂಕಿನ ಹಳ್ಳದ ಎಸ್ಟಿಮೇಟಿಗೆ ಸಹಿ ಹಾಕುವವರೇ.

ಆರ್ಕಿಡ್ ಅಂದ ಕೂಡಲೇ ನಮಗೆ ನೆನಪಾಗೋದು ಹೋಟೆಲ್ ರಿಸೆಪ್ಶನ್ನಿನಲ್ಲಿ ಇಟ್ಟಿರುವ ನೇರಳೆ ಹೂವಿನ ಕುಂಡ. ಇಲ್ಲಾಂದ್ರೆ ಮಲೆನಾಡಿನ ಮರದ ಮೇಲೆ ಜೋತುಬೀಳುವ ಸೀತಾಳೆ ದಂಡೆ. ಬಯಲಿನವರಿಗೆ ಇನ್ನೂ ಒಂದು ಗೊತ್ತು, ಹಳೇ ಮಾವಿನ ಮರದ ಟೊಂಗೆ ಹಿಡಿದು ಕೂತಿರುವ ವಾಂಡಾ. ಅದನ್ನು ಬಂದಳಿಕೆ ಅಂತ ತಿಳಿದು ಕಿತ್ತು ಹಾಕುವವರೂ ಇದ್ದಾರೆ, ಆದರೆ ಅದು ಮರದ ರಸ ಹೀರಲ್ಲ, ಬರೀ ಕೂರಲು ಜಾಗ ಕೇಳುತ್ತೆ ಅಷ್ಟೇ. ಇವೆಲ್ಲ ಮರದ ಮೇಲಿನವು. ನೆಲದ ಮೇಲೆ, ಹುಲ್ಲಿನ ನಡುವೆ ಬೆಳೆಯುವ ಆರ್ಕಿಡ್ ಕುಟುಂಬವೇ ಬೇರೆ ಇದೆ. ಹಾಬೆನೇರಿಯಾ ಅದರಲ್ಲಿ ದೊಡ್ಡ ಕುಲ. ಪಶ್ಚಿಮ ಘಟ್ಟದಲ್ಲೂ ಅದರ ಪೂರ್ವದ ಸೆರಗಿನಲ್ಲೂ ಮುಂಗಾರಿಗೆ ಹೂ ಬಿಡುತ್ತೆ, ಹೆಚ್ಚಿನವು ಬಿಳಿ ಇಲ್ಲವೇ ತಿಳಿಹಸಿರು. ಜ್ಯೂಕ್ಸಿನ್ ಅಂತ ಇನ್ನೊಂದು ಇದೆ. ಬೆರಳುದ್ದದ ಗಿಡ, ಒದ್ದೆ ಹುಲ್ಲಿನಲ್ಲಿ, ಗದ್ದೆ ಬದುವಿನಲ್ಲಿ ಬೆಳೆಯುತ್ತೆ. ಮಂಡಿಯೂರಿ ನೋಡಿದರೆ ಮಾತ್ರ ಅದೊಂದು ಆರ್ಕಿಡ್ ಅಂತ ಗೊತ್ತಾಗೋದು. ಇವಕ್ಕೆ ಫೋಟೋ ಮೌಲ್ಯ ಕಮ್ಮಿ. ಅದಕ್ಕೇ ಯಾರೂ ಕೇಳಲ್ಲ.

ಈಗ ಇವುಗಳ ಒಳಗಿನ ಎಂಜಿನಿಯರಿಂಗ್ ಕೇಳಿ. ಒಂದು ಕಾಯಿಯಲ್ಲಿ ಸಾವಿರಾರು ಬೀಜ, ಒಂದೊಂದೂ ಧೂಳಿನಷ್ಟು. ಹೆಸರುಕಾಳಿನಲ್ಲೋ ಗೋವಿನಜೋಳದಲ್ಲೋ ಮೊಳಕೆಗೆ ಬೇಕಾದ ಬುತ್ತಿ ಬೀಜದೊಳಗೇ ಇರುತ್ತೆ. ಆರ್ಕಿಡ್ ಬೀಜದಲ್ಲಿ ಬುತ್ತಿ ಇಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರ ಬಂದು ಬೀಜದೊಳಗೆ ಹೊಕ್ಕು ಊಟ ಕೊಟ್ಟರೆ ಮಾತ್ರ ಅದು ಮೊಳೆಯೋದು. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಇದನ್ನು ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರ ಇಲ್ಲದೇನೂ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಬೀಜ ಮೊಳೆಯಿಸಬಹುದು ಅಂತ ತೋರಿಸಿದರು. ಇವತ್ತಿನ ಆರ್ಕಿಡ್ ಉದ್ಯಮ ನಿಂತಿರೋದು ಅದರ ಮೇಲೆ. ಆದರೆ ಸೀಸೆಯಲ್ಲಿ ಬೆಳೆದ ಸಸಿಯನ್ನು ಹಳ್ಳದ ದಂಡೆಗೆ ತಂದು ನೆಟ್ಟರೆ ಅದಕ್ಕೆ ಮತ್ತೆ ಅದೇ ಮಣ್ಣು, ಅದೇ ಶಿಲೀಂಧ್ರ, ಅದೇ ತೇವ ಬೇಕು. ಬಯೋಟೆಕ್ ಗೆಳೆಯರು ಬೇಜಾರು ಮಾಡ್ಕೋಬೇಡಿ, ಲ್ಯಾಬ್ ಅರ್ಧ ಕೆಲಸ ಮಾತ್ರ ಮಾಡುತ್ತೆ.

ಇನ್ನೊಂದು ವಿಷಯ ನಮಗೆ ತುಂಬಾ ಮುಖ್ಯ ಅನಿಸುತ್ತೆ. ಹಾಬೆನೇರಿಯಾದಂಥ ಗಿಡ ಪ್ರತಿ ಮಳೆಗಾಲ ಒಂದು ಹೊಸ ಗಡ್ಡೆ ಕಟ್ಟುತ್ತೆ, ಹಳೇದು ಸೊರಗುತ್ತೆ. ಹೂವು ಮುಗಿದು, ಕಾಯಿ ಒಡೆದು, ಮಳೆ ಹಿಂದೆ ಸರಿಯುತ್ತಿದ್ದಂತೆ ಮೇಲಿನ ಭಾಗ ಒಣಗಿ ಹೋಗುತ್ತೆ. ಬೇಸಿಗೆಯಲ್ಲಿ ಅಲ್ಲಿ ಗಿಡವೇ ಇಲ್ಲ ಅನ್ನೋ ಹಾಗೆ ಇರುತ್ತೆ. ಗಡ್ಡೆ ಮಾತ್ರ ಮಣ್ಣಿನ ಮೇಲ್ಪದರದಲ್ಲಿ ಮಲಗಿರುತ್ತೆ.

ಜೆಸಿಬಿ ಬರೋದು ಯಾವಾಗ? ಏಪ್ರಿಲ್‌-ಮೇ. ಹಳ್ಳ ಒಣಗಿರುತ್ತೆ, ಯಂತ್ರ ಇಳಿಸೋದು ಸುಲಭ, ಮಳೆಗಿಂತ ಮೊದಲು ಬಿಲ್ ಆಗಬೇಕು. ಪರಿಸರದ ಸರ್ವೆ ಅಂತ ಏನಾದ್ರೂ ನಡೆದರೂ ಆಗಲೇ. ಅಂದರೆ ಗಿಡ ಕಾಣದ ಎರಡು ತಿಂಗಳಲ್ಲಿ ನೋಡಿ “ಇಲ್ಲಿ ವಿಶೇಷ ಸಸ್ಯಗಳಿಲ್ಲ” ಅಂತ ಬರೆದು, ಅದೇ ಎರಡು ತಿಂಗಳಲ್ಲಿ ಆ ಗಡ್ಡೆ ಇರೋ ಒಂದಡಿ ಮಣ್ಣನ್ನು ಬಾಚಿ ದಂಡೆಯ ಆಚೆ ಸುರಿಯೋದು. ಯಾರ ಕೆಟ್ಟತನವೂ ಇದರಲ್ಲಿಲ್ಲ. ಕ್ಯಾಲೆಂಡರು ಹಾಗಿದೆ, ಅಷ್ಟೆ. ಕ್ಯಾಲೆಂಡರ್ ಬದಲಿಸೋದು ನಮ್ಮಂಥವರ ಕೈಯಲ್ಲಿರುವ ಕೆಲಸ.

ಹಳ್ಳದ ದಂಡೆಯನ್ನು ನೋಡಿಕೊಂಡು ಅಪರೂಪದ ಆರ್ಕಿಡ್ ಒಂದನ್ನು ಉಳಿಸಿಕೊಂಡವರು ಇದ್ದಾರಾ? ಇದ್ದಾರೆ, ಆದರೆ ದೂರದಲ್ಲಿ. ಅಮೆರಿಕದ ಪಶ್ಚಿಮ ಭಾಗದಲ್ಲಿ ಸ್ಪೈರಾಂಥಿಸ್ ಡೈಲುವಿಯಾಲಿಸ್ ಅನ್ನೋ ನೆಲದ ಆರ್ಕಿಡ್ ಇದೆ. ಹೆಸರಿನಲ್ಲೇ ಪ್ರವಾಹ ಇದೆ. ಜಡೆ ಹೆಣೆದಂತೆ ಸುರುಳಿಯಾಗಿ ಏರುವ ಚಿಕ್ಕ ಬಿಳಿ ಹೂಗಳು. 1984ರಲ್ಲಿ ಚಾರ್ಲ್ಸ್ ಶೆವಿಯಾಕ್ ಇದನ್ನು ಪ್ರತ್ಯೇಕ ಪ್ರಭೇದ ಅಂತ ಗುರುತಿಸಿದರು, 1992ರಲ್ಲಿ ಅಲ್ಲಿನ ಸರ್ಕಾರ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಸೇರಿಸಿತು. ಹೊಳೆ ಹಳ್ಳಗಳ ಪಕ್ಕದ ತಗ್ಗು ದಂಡೆ, ಹಳೇ ತಿರುವುಗಳು, ಒದ್ದೆ ಹುಲ್ಲುಗಾವಲು ಇದರ ಮನೆ.

ಇದರ ತೊಂದರೆ ಏನಿತ್ತು ನೋಡಿ. ಅಣೆಕಟ್ಟು ಕಟ್ಟಿ ಪ್ರವಾಹ ನಿಲ್ಲಿಸಿದ ಮೇಲೆ ದಂಡೆಗಳಲ್ಲಿ ಹೊಸ ಬಯಲು ತೆರೆದುಕೊಳ್ಳೋದು ನಿಂತಿತು. ಪೊದೆ, ಮರ ದಟ್ಟವಾಗಿ ಬೆಳೆದು ನೆರಳು ಮುಚ್ಚಿತು. ಈ ಆರ್ಕಿಡ್‌ಗೆ ನೆರಳು ಆಗಲ್ಲ, ಒಣನೆಲವೂ ಆಗಲ್ಲ. ಆಗಾಗ ಸ್ವಲ್ಪ ಕೆದಕಿದ, ಸ್ವಲ್ಪ ಮೇಯಿಸಿದ, ಬುಡ ಒದ್ದೆಯಾಗಿರುವ ನೆಲ ಬೇಕು. ಕೊಲೊರಾಡೊದ ಬೌಲ್ಡರ್ ಊರಿನ ಹತ್ತಿರ ಇದು ಚೆನ್ನಾಗಿ ಉಳಿದದ್ದು ಬೇಲಿ ಹಾಕಿದ ಕಾಡಿನಲ್ಲಲ್ಲ. ಕಾಲುವೆ ನೀರು ಹಾಯಿಸಿ, ಮೇವು ಕೊಯ್ದು, ದನ ಮೇಯಿಸುವ ಹುಲ್ಲುಗಾವಲಿನಲ್ಲಿ. ಅಲ್ಲಿ ನೋಡಿಕೊಳ್ಳೋದು ಅಂದರೆ ಮುಖ್ಯವಾಗಿ ಸಮಯ ಪಾಲಿಸೋದು: ಹೂ ಬಿಡುವ ಮೊದಲು ಕೊಯ್ಯಿ, ಹೂವಿನಿಂದ ಬೀಜ ಉದುರುವವರೆಗೆ ಮುಟ್ಟಬೇಡ, ಆಮೇಲೆ ಮೇಯಿಸು.

ಯೂಟಾ ರಾಜ್ಯದ ಡೈಮಂಡ್ ಫೋರ್ಕ್ ಹಳ್ಳದ ಕತೆ ಎಂಜಿನಿಯರುಗಳಿಗೆ ಇನ್ನೂ ಹತ್ತಿರದ್ದು. ಬೇರೆ ಕೊಳ್ಳದಿಂದ ನೀರಾವರಿಗೆಂದು ತಂದ ನೀರನ್ನು ದಶಕಗಳ ಕಾಲ ಆ ಹಳ್ಳದಲ್ಲೇ ಹರಿಸಿದರು. ಆಮೇಲೆ ನೀರನ್ನು ಪೈಪಿಗೆ ಹಾಕಿ ಹಳ್ಳದ ಹರಿವು ಇಳಿಸಿದಾಗ, ದಂಡೆಯ ಆರ್ಕಿಡ್ ಎಷ್ಟಿದೆ, ಏನಾಗ್ತಿದೆ ಅಂತ ವರ್ಷ ವರ್ಷ ಎಣಿಸುವ ಕೆಲಸವೂ ಯೋಜನೆಯ ಭಾಗವಾಯಿತು. ಪೈಪಿನ ವ್ಯಾಸದ ಜೊತೆಗೆ ಹೂವಿನ ಎಣಿಕೆ! ನಮ್ಮ ಯಾವ ಡಿಪಿಆರ್‌ನಲ್ಲಿ ಇಂಥ ಸಾಲು ನೋಡಿದ್ದೀರಿ? ಬೇಡ್ತಿ-ವರದಾ ಜೋಡಣೆ ಬಗ್ಗೆ ನಮ್ಮ ಕಡೆ ವಾದ ಜೋರಾಗಿದೆ, ಹಾವೇರಿಯವರು ನೀರು ಬೇಕು ಅಂತಾರೆ, ಘಟ್ಟದವರು ಬೇಡ ಅಂತಾರೆ. ಆ ಜಗಳವನ್ನು ಇಲ್ಲಿ ತೀರ್ಮಾನ ಮಾಡಲ್ಲ. ಆದರೆ ಎಲ್ಲಿಂದಲೇ ಆಗಲಿ ಹೊಸ ನೀರು ಒಂದು ಹಳ್ಳಕ್ಕೆ ಬಂದರೂ, ಇದ್ದ ನೀರು ಹೋದರೂ, ದಂಡೆಯ ಲೆಕ್ಕ ಬದಲಾಗುತ್ತೆ ಅನ್ನೋದನ್ನು ಯಾವ ಪಕ್ಷದವರೂ ಮಾತಾಡ್ತಿಲ್ಲ.

ಆ ಅಮೆರಿಕದ ಹೂವಿನ ಮುಂದಿನ ಕತೆ: ಪಟ್ಟಿಗೆ ಸೇರಿಸಿದ ಮೇಲೆ ಜನ ಸರಿಯಾದ ತಿಂಗಳಲ್ಲಿ ಹುಡುಕಲು ಶುರು ಮಾಡಿದರು, ಮೊದಲು ಗೊತ್ತಿಲ್ಲದ ರಾಜ್ಯಗಳಲ್ಲೂ ಸಿಕ್ಕಿತು. 2025ರ ಜನವರಿಯಲ್ಲಿ ಅದನ್ನು ಪಟ್ಟಿಯಿಂದ ತೆಗೆಯುವ ಪ್ರಸ್ತಾವವನ್ನೇ ಅಲ್ಲಿನ ಇಲಾಖೆ ಮುಂದಿಟ್ಟಿತು. ಒಂದು ಎಚ್ಚರ ಇಲ್ಲಿದೆ. ಈ ಗಿಡ ಕೆಲವು ವರ್ಷ ಮೇಲೆ ಬರದೇ ನೆಲದೊಳಗೇ ಉಳಿಯಬಲ್ಲದು. ಈ ವರ್ಷ ನೂರು ಹೂ, ಮುಂದಿನ ವರ್ಷ ಹತ್ತು ಅಂದರೆ ತೊಂಬತ್ತು ಸತ್ತವು ಅಂತ ಅರ್ಥವಲ್ಲ. ಒಂದು ವರ್ಷದ ರೀಡಿಂಗ್ ಇಟ್ಟುಕೊಂಡು ಗ್ರಾಫ್ ಎಳೆಯುವ ನಮ್ಮ ಮಿನಿ ಪ್ರಾಜೆಕ್ಟ್ ಚಾಳಿ ಇಲ್ಲಿ ನಡೆಯಲ್ಲ.

ದೂರದ ಉದಾಹರಣೆ ಸಾಕಾಗಲ್ಲ ಅನ್ನುವವರಿಗೆ, ಪಕ್ಕದ ಜಿಲ್ಲೆಯದ್ದೇ ಒಂದಿದೆ, ಆರ್ಕಿಡ್ ಅಲ್ಲ, ಮರ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಹಳ್ಳದ ಜೌಗಿನಲ್ಲಷ್ಟೇ ಬೆಳೆಯುವ ಒಂದು ಮರವನ್ನು 2000ದಲ್ಲಿ ಹೊಸ ಪ್ರಭೇದವೆಂದು ಗುರುತಿಸಿದರು. ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್, ಕಾಡಿನ ಹೆಸರೇ ಅದಕ್ಕೆ. ಉಳಿದಿರುವ ದೊಡ್ಡ ಮರಗಳು ಬಹಳ ಕಡಿಮೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಬೀಜ ಆರಿಸಿ, ಸಸಿ ಬೆಳೆಸಿ, ಮತ್ತೆ ಜೌಗಿನ ಹಳ್ಳದ ಬದಿಗೇ ನೆಡುವ ಕೆಲಸ ಮಾಡಿದ್ದಾರೆ. ಹಳ್ಳ ಬತ್ತಿದರೆ ಆ ಸಸಿಗೆ ಬೇರೆ ಜಾಗವಿಲ್ಲ ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತು. ಹಾನಗಲ್‌ನಿಂದ ಶಿರಸಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. ಆದರೆ ಆ ತಿಳಿವಳಿಕೆ ಮಾತ್ರ ಘಟ್ಟದ ಕಾಡು ಮುಗಿಯುವಲ್ಲೇ ನಿಂತುಬಿಡುತ್ತೆ. ಕಾಡಿನ ಹಳ್ಳ ಅಂದರೆ ಜೀವವೈವಿಧ್ಯ, ಹೊಲದ ನಡುವಿನ ಹಳ್ಳ ಅಂದರೆ ಡ್ರೈನೇಜ್.

ನಮ್ಮ ನಾಲ್ಕು ತಾಲ್ಲೂಕುಗಳು ಆ ಗಡಿಯ ಮೇಲೇ ಇವೆ. ಹಾನಗಲ್‌ನ ಪಶ್ಚಿಮಕ್ಕೆ ಮುಂಡಗೋಡ ಕಡೆಯ ಕಾಡು, ಮಳೆಯೂ ಜಾಸ್ತಿ, ಗದ್ದೆ, ಮಾವಿನ ತೋಟ. ಮಳಗಿಯ ಜಲಾಶಯದ ನೀರಿನೊಂದಿಗೆ ಧರ್ಮಾ ನದಿ ಬಂದು ಕೂಡಲದಲ್ಲಿ ವರದೆಗೆ ಸೇರುತ್ತೆ. ಸವಣೂರಿಗೆ ಬರುವ ಹೊತ್ತಿಗೆ ಎರೆ ಮಣ್ಣು, ವೀಳ್ಯದೆಲೆ, ಹತ್ತಿ. ದಕ್ಷಿಣಕ್ಕೆ ಹಿರೇಕೆರೂರಿನ ಕಡೆ ಕುಮುದ್ವತಿ, ಮದಗ-ಮಾಸೂರು ಕೆರೆ, ಸುತ್ತ ಗೋವಿನಜೋಳ. ಮಲೆನಾಡಿನ ಸಸ್ಯಗಳು ಬಯಲಿಗೆ ಇಳಿಯೋದು ಇಂಥ ಹಳ್ಳಗಳ ತಂಪಿನ ದಾರಿ ಹಿಡಿದೇ. ಹೊಲ ಉತ್ತ ಮೇಲೆ, ಗೋಮಾಳ ಹೋದ ಮೇಲೆ, ಉಳುಮೆ ಕಾಣದ ಒದ್ದೆ ನೆಲ ಅಂತ ಉಳಿಯೋದು ಹಳ್ಳದ ಎರಡು ಬದಿಯ ಪಟ್ಟಿ ಮಾತ್ರ. ಅದೂ ವರ್ಷಕ್ಕೆ ಒಂದೊಂದು ಸಾಲು ಒಳಕ್ಕೆ ಬರೋ ನೇಗಿಲಿಗೆ ಸಣ್ಣದಾಗ್ತಾ ಹೋಗುತ್ತೆ, ಇದು ನಮ್ಮೆಲ್ಲರ ಮನೆಯವರಿಗೂ ಗೊತ್ತಿರೋ ಗುಟ್ಟು.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತೆ. “ನಿಮ್ಮ ಹೂವಿನ ಸಲುವಾಗಿ ನಮ್ಮ ಊರು ಮುಳುಗಬೇಕೇನ್ರಿ?” 2019ರ ಆಗಸ್ಟಿನಲ್ಲಿ ವರದಾ, ಧರ್ಮಾ ಉಕ್ಕಿ ಹಾನಗಲ್, ಸವಣೂರು, ಹಾವೇರಿ ಕಡೆ ಹೊಲ ಮನೆ ಹೋದದ್ದನ್ನು ಕಂಡವರು ಈ ಪ್ರಶ್ನೆ ಕೇಳಲೇಬೇಕು. ಹೂಳೆತ್ತಬೇಡಿ ಅಂತ ನಾವು ಹೇಳಿದರೆ ಅದು ಮೂರ್ಖತನ.

ಆದರೆ ಲೆಕ್ಕ ಪೂರ್ತಿ ಮಾಡೋಣ. ಅದೇ ಆಳ, ಅದೇ ಇಳಿಜಾರು ಇಟ್ಟು ಎನ್ 0.100ರಿಂದ 0.030ಕ್ಕೆ ಇಳಿಸಿದರೆ ವೇಗ ಮೂರು ಪಟ್ಟಿಗಿಂತ ಹೆಚ್ಚಾಗುತ್ತೆ. ಆ ನೀರು ಎಲ್ಲಿಗೆ ಹೋಗುತ್ತೆ? ಮುಂದಿನ ಊರಿಗೆ. ಮೇಲಿನ ಹತ್ತು ಹಳ್ಳಗಳನ್ನು ಕಾಲುವೆಯಂತೆ ನೇರ ಮಾಡಿ ಹಾನಗಲ್‌ನವರು ನಿಟ್ಟುಸಿರು ಬಿಟ್ಟರೆ, ಹತ್ತೂ ಕಡೆಯ ನೀರು ಒಟ್ಟಿಗೆ ಬಂದು ವರದೆಯ ಕೆಳಗಿನವರ ಬಾಗಿಲಿಗೆ ನಿಲ್ಲುತ್ತೆ. ಒರಟು ದಂಡೆ ನೀರನ್ನು ತಡೆದು ಸ್ವಲ್ಪ ಸ್ವಲ್ಪವೇ ಬಿಡೋದು ನ್ಯೂನತೆಯಲ್ಲ, ಅದೊಂದು ಕೆಲಸ. ಹಾಗಾಗಿ ನಮ್ಮ ನಿಲುವು ಇದು: ಊರೊಳಗೆ, ಸೇತುವೆ ಕಲ್ವರ್ಟುಗಳ ಹತ್ತಿರ, ನೀರು ನಿಂತರೆ ಮನೆಗೆ ನುಗ್ಗುವ ಜಾಗದಲ್ಲಿ ಹಳ್ಳವನ್ನು ಪೂರ್ತಿ ತೆಗೆಯಿರಿ, ಕಾಂಕ್ರೀಟೂ ಹಾಕಿ. ಊರಾಚೆ, ಹೊಲದ ನಡುವೆ, ನಡುವಿನ ಹೂಳು ತೆಗೆದು ದಂಡೆ ಬಿಡಿ. ಎರಡೂ ದಂಡೆ ಬಿಡಲಾಗದಿದ್ದರೆ ಈ ವರ್ಷ ಎಡಕ್ಕೆ ಕೆಲಸ ಮಾಡಿ, ಬಲಕ್ಕೆ ಮೂರು ವರ್ಷ ಆದ ಮೇಲೆ. ಆ ಮಣ್ಣಿನ ಬೀಜ, ಗಡ್ಡೆ, ಶಿಲೀಂಧ್ರ ಒಂದು ಬದಿಯಲ್ಲಾದರೂ ಉಳಿದಿರುತ್ತೆ, ಆಚೆಯಿಂದ ಈಚೆಗೆ ಬರೋಕೆ ದಾರಿ ಇರುತ್ತೆ. ತೆಗೆಯಲೇಬೇಕಾದ ಕಡೆ ಮೇಲಿನ ಒಂದಡಿ ಮಣ್ಣನ್ನು ಬೇರೆ ಇಟ್ಟು, ಕೆಲಸ ಮುಗಿದ ಮೇಲೆ ದಂಡೆಯ ಮೇಲೆ ವಾಪಸ್ ಹರಡಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಜೆಸಿಬಿ ಡ್ರೈವರ್‌ಗೆ ಸೈಟಿನಲ್ಲಿ ನಿಂತು ಹೇಳುವ ಒಬ್ಬ ಎಂಜಿನಿಯರ್ ಬೇಕು.

“ಹಾಗಾದ್ರೆ ದಂಡೆ ತುಂಬಾ ಸಸಿ ನೆಟ್ಟುಬಿಡೋಣ” ಅಂತ ಎನ್‌ಎಸ್‌ಎಸ್ ಗೆಳೆಯರು ಸಲಿಕೆ ಹಿಡಿದು ಬರ್ತಾರೆ ಅನ್ನೋ ಭಯ ನಮಗಿದೆ. ದಯವಿಟ್ಟು ತಡೀರಿ. ನಮ್ಮ ಜಿಲ್ಲೆಯಲ್ಲೇ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇದೆ. ಹುಲ್ಲು ಬಯಲಿನ ಪ್ರಾಣಿಗೆಂದು ಮೀಸಲಾದ ಜಾಗದ ಬಹುಭಾಗ ನೀಲಗಿರಿ ತೋಪಾಗಿ ನಿಂತಿದೆ. ಹಸಿರಾಗಿದೆ, ಆದರೆ ಯಾರಿಗೆ ಬೇಕಾದ ಹಸಿರು? ಹುಲ್ಲಿನ ನಡುವಿನ ಆರ್ಕಿಡ್‌ಗೂ ಅದೇ ಕತೆ. ದಂಡೆಯಲ್ಲಿ ಇರುವ ಹೊಳೆಮತ್ತಿ, ಹುಲಗಲ, ಕೇದಗಿ ಉಳಿಯಲಿ. ತೆರೆದ ಹುಲ್ಲು ಇರುವಲ್ಲಿ ಹುಲ್ಲೇ ಇರಲಿ. ಸಲಿಕೆ ತಂದಿದ್ದೇ ಆದರೆ ಲಂಟಾನ, ಕಮ್ಯುನಿಸ್ಟ್ ಗಿಡ, ಕಾಂಗ್ರೆಸ್ ಕಸ ಕಿತ್ತು ಹಾಕಿ. ಅವೂ ‘ಎನ್’ ಜಾಸ್ತಿ ಮಾಡುತ್ತವೆ, ಆದರೆ ಕೆಳಗೆ ಹುಲ್ಲಿನ ಎಸಳೂ ಬೆಳೆಯದ ಹಾಗೆ ಮುಚ್ಚುತ್ತವೆ.

ದನಗಳನ್ನು ವಿಲನ್ ಮಾಡೋದನ್ನೂ ನಾವು ಒಪ್ಪಲ್ಲ. ಶಿಗ್ಗಾಂವ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ ಇಷ್ಟು ನವಿಲು ಉಳಿದದ್ದು ಹೇಗೆ? ಒಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರ ಇದ್ದು, ಮೇವಿನ ನೆಲ, ಕಂದಕ, ಪೊದೆ ಎಲ್ಲ ಪ್ಲಾಟು ಆಗದೇ ಉಳಿದದ್ದರಿಂದ. ಹಳ್ಳದ ದಂಡೆಯಲ್ಲೂ ದನ ಬೇಕು, ಇಲ್ಲಾಂದ್ರೆ ಹುಲ್ಲು ಆಳೆತ್ತರ ಬೆಳೆದು ಚಿಕ್ಕ ಗಿಡ ಉಸಿರುಗಟ್ಟುತ್ತೆ. ಬೇಕಾದದ್ದು ಒಂದೇ ಒಪ್ಪಂದ: ಪುಷ್ಯ, ಆಶ್ಲೇಷ ಮಳೆಯಿಂದ ಹಿಡಿದು ಕಾಯಿ ಒಡೆಯುವ ದೀಪಾವಳಿ ತನಕ ಹೂವು ಇರುವ ಆ ನಾಲ್ಕು ಮಾರು ಜಾಗ ಬಿಟ್ಟು ಮೇಯಿಸೋದು. ಮಳೆಗಾಲದಲ್ಲಿ ಹುಲ್ಲಿಗೇನು ಬರಗಾಲವಿರಲ್ಲ, ಹಾಗಾಗಿ ಕೇಳಿದರೆ ಒಪ್ಪುತ್ತಾರೆ ಅನ್ನೋ ನಂಬಿಕೆ ನಮಗಿದೆ. ಕೇಳದೇ ಬೋರ್ಡ್ ಹಾಕಿದರೆ ಮಾತ್ರ ಒಪ್ಪಲ್ಲ.

ಸವಣೂರಿನ ದೊಡ್ಡಹುಣಸೆ ಮರಗಳ ಕತೆ ಎಲ್ಲರಿಗೂ ಗೊತ್ತು. ಆಫ್ರಿಕಾ ಮೂಲದ ಮೂರು ಭಾರಿ ಬಾವೊಬಾಬ್ ಮರಗಳು. 2023ರ ಮಳೆಗಾಲದಲ್ಲಿ ಒಂದು ಉರುಳಿ ಬಿದ್ದಾಗ ಯಂತ್ರಗಳನ್ನು ತರಿಸಿ ಎತ್ತಿ ಮತ್ತೆ ನಿಲ್ಲಿಸಿದರು, ಅದು ಚಿಗುರಿತು. ನಮಗೆ ಅದು ಹೆಮ್ಮೆಯ ವಿಷಯವೇ. ನಮ್ಮ ಜನಕ್ಕೆ, ನಮ್ಮ ಇಲಾಖೆಗಳಿಗೆ ಮನಸ್ಸಿಲ್ಲ ಅನ್ನೋ ಮಾತು ಸುಳ್ಳು ಅಂತ ಆ ಮರ ಸಾಕ್ಷಿ ನಿಂತಿದೆ. ಕಣ್ಣಿಗೆ ಕಂಡದ್ದಕ್ಕೆ ಮನಸ್ಸು ಬರುತ್ತೆ. ಗೇಣುದ್ದದ ಗಿಡ ಕಾಣಬೇಕಾದರೆ ಮೊದಲು ಅದರ ಹೆಸರು ಎಲ್ಲಾದರೂ ಬರೆದಿರಬೇಕು.

ಬರೆಯಲು ಒಂದು ಪುಸ್ತಕ ಈಗಾಗಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಹಳ್ಳದ ಕೆಲಸ ಮಂಜೂರು ಮಾಡುವ ಪಂಚಾಯಿತಿಯ ಕಪಾಟಿನಲ್ಲೇ ಆ ದಾಖಲಾತಿಯೂ ಇರಬೇಕಾದದ್ದು. ಇಂಥ ಸರ್ವೆ ನಂಬರಿನ ಪಕ್ಕದ ದಂಡೆಯಲ್ಲಿ ಇಂಥ ಆರ್ಕಿಡ್ ಇದೆ ಅಂತ ಅದರಲ್ಲಿ ಒಂದು ಸಾಲು ಇದ್ದರೆ, ಎಸ್ಟಿಮೇಟ್ ಮಾಡುವ ಜೂನಿಯರ್ ಎಂಜಿನಿಯರ್‌ಗೆ ಅದನ್ನು ತೋರಿಸಿ ಮಾತಾಡಬಹುದು. ಸಾಲೇ ಇಲ್ಲದಿದ್ದರೆ ಮಾತಾಡೋದು ಯಾವುದರ ಬಗ್ಗೆ?

ನಮ್ಮ ಕಡೆಯಿಂದ ಇಷ್ಟು ಯೋಚಿಸಿದ್ದೇವೆ. ನಾಲ್ಕೂ ತಾಲ್ಲೂಕಿನಿಂದ ಒಂದೊಂದು ಹಳ್ಳ, ಒಂದೊಂದರಲ್ಲಿ ಅರ್ಧ ಕಿಲೋಮೀಟರ್ ಉದ್ದ. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಊರಿಗೆ ಹೋದಾಗಲೆಲ್ಲ ಆ ಅರ್ಧ ಕಿಲೋಮೀಟರ್ ನಡೆಯೋದು, ಹೂ ಕಂಡರೆ ಎಣಿಸೋದು, ಹೂ, ಎಲೆ, ಸುತ್ತಲಿನ ಜಾಗದ ಫೋಟೋ ತೆಗೆಯೋದು. ಹೆಸರು ಗೊತ್ತಾಗದಿದ್ದರೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ತಿಳಿದವರು ಹೇಳ್ತಾರೆ. ಸಿವಿಲ್‌ನವರು ಅದೇ ಜಾಗದ ಅಡ್ಡಕೊಯ್ತ ಅಳೆದು ‘ಎನ್’ ಅಂದಾಜು ಮಾಡಬೇಕು, ಮೆಕ್ಯಾನಿಕಲ್, ಇಸಿಯವರು ತೇವದ ಸೆನ್ಸರ್ ಮಾಡಿಕೊಟ್ಟರೆ ಸಂತೋಷ. ಕನಿಷ್ಠ ಮೂರು ವರ್ಷ. ಅಂದರೆ ಈಗಿನ ಎರಡನೇ ಸೆಮಿಸ್ಟರ್‌ನವರು ಶುರು ಮಾಡಿದರೆ ಫೈನಲ್ ಇಯರ್‌ಗೆ ಅವರ ಹತ್ತಿರ ನಿಜವಾದ ಡೇಟಾ ಇರುತ್ತೆ.

ಎರಡು ಷರತ್ತು ಮಾತ್ರ. ಗಿಡ ಕೀಳುವಂತಿಲ್ಲ, “ಹಾಸ್ಟೆಲ್ ಕುಂಡದಲ್ಲಿ ಇಡೋಣ” ಅನ್ನೋದೂ ಬೇಡ, ಆ ಮಣ್ಣು ಬಿಟ್ಟರೆ ಅದು ಉಳಿಯಲ್ಲ. ಮತ್ತು ಅಪರೂಪದ್ದು ಏನಾದರೂ ಸಿಕ್ಕರೆ ಇನ್‌ಸ್ಟಾದಲ್ಲಿ ಲೊಕೇಶನ್ ಹಾಕುವಂತಿಲ್ಲ. ಆರ್ಕಿಡ್ ಗಡ್ಡೆಗೆ ಔಷಧಿ ಮಾರುಕಟ್ಟೆಯಲ್ಲಿ ಬೆಲೆ ಇದೆ, ಅಷ್ಟವರ್ಗದ ಎಂಟು ಮೂಲಿಕೆಗಳಲ್ಲಿ ನಾಲ್ಕು ಆರ್ಕಿಡ್‌ಗಳೇ. ಅವು ಹಿಮಾಲಯದವು ನಿಜ, ಆದರೆ ಅಗೆಯುವವನು ಪ್ರಭೇದ ನೋಡಿ ಅಗೆಯಲ್ಲ.

ಹಾನಗಲ್, ಸವಣೂರಿಗೆ ತಲಾ ನಾಲ್ಕು ಜನ ಸಿಕ್ಕಿದ್ದಾರೆ. ಶಿಗ್ಗಾಂವ ಕಡೆಯಿಂದ ಇಬ್ಬರು. ಹಿರೇಕೆರೂರಿನವರು ಯಾರೂ ಇನ್ನೂ ಹೆಸರು ಕೊಟ್ಟಿಲ್ಲ, ಕುಮುದ್ವತಿ ಕಡೆಯ ಹುಡುಗ-ಹುಡುಗಿಯರು ಮೃಗಶಿರ ಮಳೆ ಬೀಳೋದರೊಳಗೆ ಸಂಘದ ರೂಮಿನಲ್ಲಿರುವ ಪಟ್ಟಿಯಲ್ಲಿ ಬರೆಯಬೇಕಾಗಿ ವಿನಂತಿ.